ಹನ್ನೊಂದನೆಯ ಪಾಠದ ತಂದೆ

ನಾರಾಯಣಪೇಟೆ
20 ಆಜೂರ್, 1348 ಫಸಲಿ

ಪೂಜ್ಯ ಕರಿಬಸಯ್ಯನವರ ಪಾದಗಳಿಗೆ ನಿಮ್ಮ ಶಿಷ್ಯ ಆಶಪ್ಪನ ಶರಣು.

ಈ ಪತ್ರದ ಜೊತೆ ಒಂದು ಕಟ್ಟು ಬರುತ್ತಿದೆ. ಬಿಚ್ಚಿ ನೋಡಿರಿ. ಐದು ಪುಸ್ತಕಗಳಿವೆ. ಹೆಸರು ‘ಮಿಡಲ್ ಪರೀಕ್ಷೆಯ ಕೈದೀವಿಗೆ’. ಬರೆದವನ ಹೆಸರನ್ನು ಕನ್ನಡಕ ಹಾಕಿಕೊಂಡು ಓದಿರಿ. ಮಕ್ತಲ್‌ನಲ್ಲಿ ನಿಮ್ಮ ಜಗಲಿಯ ಮಳಲ ಮೇಲೆ ಬೆರಳೂರಿ ಅಕ್ಷರ ಕಲಿತ ಕುರುಬರ ಹುಡುಗನ ಹೆಸರು ಅಚ್ಚಾಗಿದೆ.

ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮ ಹುಡುಗರು ಹೈದರಾಬಾದ್ ಸರ್ಕಾರದ ಪರೀಕ್ಷೆಯನ್ನು ಮಾತ್ರ ಪೂರ್ತಿ ಉರ್ದುವಿನಲ್ಲಿ ಬರೆಯಬೇಕು. ನಾನು ಎರಡು ಸಲ ಬಿದ್ದು ಮೂರನೆಯ ಸಲ ದಾಟಿದವನು. ಹಗಲು ಬಣ್ಣದ ಅಂಗಡಿಯಲ್ಲಿ ಸೀರೆಯ ನೂಲು ಅದ್ದುತ್ತ, ಕೆಂಪು ಕೈಯಲ್ಲೇ ಪುಸ್ತಕ ಹಿಡಿದು ಓದಿದವನು. ಆ ಕಷ್ಟ ಬೇರೆಯವರಿಗೆ ಬೇಡವೆಂದು ಈ ಆರು ವರ್ಷಗಳಿಂದ ಹುಡುಗರನ್ನು ಕೂಡಿಸಿಕೊಂಡು ಪರೀಕ್ಷೆಗೆ ತಯಾರು ಮಾಡುತ್ತಿದ್ದೇನೆ. ಹನ್ನೆರಡು ವರ್ಷಗಳ ಪ್ರಶ್ನೆಪತ್ರಿಕೆ ಕೂಡಿಟ್ಟು, ಯಾವ ಪ್ರಶ್ನೆ ಎಷ್ಟು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆಂದು ಲೆಕ್ಕ ಹಾಕಿದೆ. ‘ನನ್ನ ಊರು’ ಹೋದ ವರ್ಷ ಬಂದಿತ್ತು. ಈ ವರ್ಷ ‘ನನ್ನ ತಂದೆ’ ಬರಲೇಬೇಕು.

ನಲವತ್ತೆರಡು ಪಾಠಗಳಿವೆ. ಮೇಲೆ ಉರ್ದು ಸಾಲು, ಅದರ ಕೆಳಗೆ ಕನ್ನಡದಲ್ಲಿ ಅರ್ಥ. ಹುಡುಗರು ಎರಡನ್ನೂ ಗಟ್ಟಿಯಾಗಿ ಹೇಳಿ ಬಾಯಿಪಾಠ ಮಾಡಿದರೆ ಸಾಕು, ಯಾರೂ ಬೀಳುವುದಿಲ್ಲ. ನಿಮ್ಮ ಹತ್ತಿರ ಓದಿ ಈ ಸಲ ಪರೀಕ್ಷೆಗೆ ಕೂಡುವ ನಾಲ್ವರಿಗೆ ನಾಲ್ಕು ಪುಸ್ತಕ. ಒಂದು ನಿಮಗೆ.

ಅಪ್ಪನಿಗೂ ಸ್ವಲ್ಪ ಓದಿ ಹೇಳಿರಿ. ಲೆಕ್ಕದ ಪಾಠ, ಹವಾಮಾನದ ಪಾಠ ಚೆನ್ನಾಗಿವೆ. ಹನ್ನೊಂದನೆಯದು ಬೇಡ. ಅದು ಬರೀ ಪರೀಕ್ಷೆಯ ಉಪಯೋಗಕ್ಕೆ ಬರೆದದ್ದು, ಕೇಳಲು ರುಚಿಯಿಲ್ಲ.

ನಿಮ್ಮ
ಆಶಪ್ಪ


ಮಕ್ತಲ್
ಬಹುಧಾನ್ಯ ಸಂವತ್ಸರ, ಕಾರ್ತಿಕ ಶುದ್ಧ ದ್ವಾದಶಿ

ಚಿರಂಜೀವಿ ಆಶಪ್ಪನಿಗೆ ಕರಿಬಸಯ್ಯನ ಆಶೀರ್ವಾದ.

ಪುಸ್ತಕ ಬಂತು. ಸಂತೋಷವಾಯಿತು ಎಂದು ಬರೆದರೆ ಕಡಿಮೆಯಾಗುತ್ತದೆ. ನಿನ್ನ ಹೆಸರಿನ ಮೇಲೆ ಬೆರಳಾಡಿಸಿ ಶಾಯಿ ಅಂಟುತ್ತದೆಯೇ ಎಂದು ನೋಡಿದೆ, ಮುದುಕನ ಬುದ್ಧಿ.

ಅಂದು ಸಂಜೆಯೇ ನಿಮ್ಮಪ್ಪ ಮಾಳಿಂಗಪ್ಪನನ್ನು ಕರೆಸಿದೆ. ಕುರಿ ಹಟ್ಟಿಗೆ ಕೂಡಿ, ಕೈಕಾಲು ತೊಳೆದುಕೊಂಡು ಬಂದ. ಪುಸ್ತಕವನ್ನು ಆಗ ತಾನೆ ಹುಟ್ಟಿದ ಮರಿಯನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದ. ತಲೆಕೆಳಗಾಗಿ ಹಿಡಿದಿದ್ದ, ನಾನು ಹೇಳಲಿಲ್ಲ.

“ಓದ್ರಿ ಅಯ್ನೋರೆ, ನನ್ನ ಮಗ ಏನ್ ಬರದಾನ ಕೇಳೋಣು” ಎಂದ.

ನಾನು ಲೆಕ್ಕದ ಪಾಠ ತೆಗೆದೆ. ‘ಒಬ್ಬ ಕುರುಬನ ಬಳಿ ನೂರಾ ಇಪ್ಪತ್ತು ಕುರಿಗಳಿದ್ದವು. ಅವುಗಳಲ್ಲಿ ಮೂರನೆಯ ಒಂದು ಭಾಗ ಮಾರಿದನು. ಉಳಿದವೆಷ್ಟು?’

“ಯಾವ ಕುರಿ ಮಾರಿದ್ನಂತ್ರಿ?”

“ಅದು ಬರೆದಿಲ್ಲೋ ಮಾರಾಯ.”

“ಬರೀಬೇಕಲ್ರಿ. ಟಗರು ಮಾರಿದ್ರ ಒಂದು ಲೆಕ್ಕ. ಗಬ್ಬದ ಕುರಿ ಮಾರಿದ್ರ ಬ್ಯಾರೆ ಲೆಕ್ಕ. ನಲವತ್ತು ಗಬ್ಬದ ಕುರಿ ಮಾರ್ಯಾನಂದ್ರ ಅಂವ ಕುರುಬನ ಅಲ್ಲ. ಊರು ಬಿಟ್ಟು ಭಾಳ ದಿನ ಆತು ನೋಡ್ರಿ, ನಮ್ಮ ಹುಡುಗ ಮರ್ತಾನ” ಎಂದು ನಕ್ಕ. ನಿಮ್ಮಕ್ಕ ಪೆಂಟಮ್ಮನೂ ಬಾಗಿಲಲ್ಲಿ ನಿಂತು ನಕ್ಕಳು. ಎದ್ದು ಹೋಗುವಾಗ ನಿಮ್ಮಪ್ಪ, “ಎಂಟು ವರ್ಷ ಆತು ಅಂವ ಮನಿಗೆ ಬಂದು. ಪುಸ್ತಕ ಬಂತು, ಇನ್ನ ಅಂವನೂ ಬರ್ತಾನ” ಎಂದ.

ನಾನು ಪುಸ್ತಕವನ್ನು ಪೂರ್ತಿ ಓದಿದೆ. ನಲವತ್ತೆರಡು ಪಾಠಗಳನ್ನೂ ಓದಿದೆ. ಸದ್ಯ ಇಷ್ಟೇ.

ಕರಿಬಸಯ್ಯ


ನಾರಾಯಣಪೇಟೆ
6 ಬಹಮನ್, 1348 ಫಸಲಿ

ಪೂಜ್ಯರಿಗೆ,

ಈಗ ತಾನೆ ಮಕ್ತಲ್ ಕಡೆಯಿಂದ ಬಂದ ಗಾಡಿಯವನು ಒಂದು ಗಂಟು ಕೊಟ್ಟ. ಒಳಗೆ ಅಪ್ಪನ ಕರಿ ಕಂಬಳಿ ಇತ್ತು. ಕಾಗದವಿಲ್ಲ. ಅವನನ್ನು ಕೇಳಿದರೆ, “ನಂಗೇನೂ ಗೊತ್ತಿಲ್ರಿ, ಸಂತಿಯಾಗ ಯಾರೋ ಕೊಟ್ರು” ಎನ್ನುತ್ತಾನೆ.

ನಮ್ಮ ಮನೆತನದ ಪದ್ಧತಿ ನಿಮಗೆ ಗೊತ್ತು. ತಂದೆಯ ಕಂಬಳಿ ತಂದೆ ಇರುವವರೆಗೆ ಯಾರ ಹೆಗಲಿಗೂ ಹೋಗುವುದಿಲ್ಲ. ಮಣ್ಣು ಮಾಡಿದ ಮೂರನೆಯ ದಿನ ಮಗನಿಗೆ ಹೊದಿಸುತ್ತಾರೆ. ಅಪ್ಪ ಯಾವಾಗ ಹೋದರು? ನನಗೇಕೆ ತಿಳಿಸಲಿಲ್ಲ?

ಈ ಕ್ಷಣವೇ ಎದ್ದು ಬರಬೇಕಾದವನು ಏಕೆ ಕಾಗದ ಬರೆಯುತ್ತ ಕೂತಿದ್ದೇನೆಂದು ನೀವು ಕೇಳುತ್ತೀರಿ. ಹೇಳುತ್ತೇನೆ, ಇನ್ನು ಮುಚ್ಚಿ ಫಲವಿಲ್ಲ. ಈ ಊರಿನಲ್ಲಿ ನನ್ನ ತಂದೆ ಎಂದೋ ಸತ್ತಿದ್ದಾರೆ. ಮೊದಲು ಪಾಠ ಆರಂಭಿಸಿದಾಗ ಒಬ್ಬ ಸಾಹುಕಾರರು, “ನೀವು ಯಾರ ಪೈಕಿ? ನಿಮ್ಮ ತಂದೆ ಏನು ಮಾಡ್ತಾರ?” ಎಂದು ಕೇಳಿದರು. ಅವರ ಮಗನನ್ನು ನನ್ನ ಹತ್ತಿರ ಬಿಡಬೇಕೋ ಬೇಡವೋ ಎಂದು ನೋಡುತ್ತಿದ್ದರು. “ಪಟವಾರಿಗಳಾಗಿದ್ದರು, ಊರ ಲೆಕ್ಕ ಬರೆಯುತ್ತಿದ್ದರು” ಎಂದೆ. ಬಾಯಿಂದ ಜಾರಿತು. ಯಾವ ಊರು, ಒಮ್ಮೆ ಕಾಣಬೇಕು ಎಂದರು. “ತೀರಿಕೊಂಡರು” ಎಂದೆ. ಆ ಎರಡನೆಯದು ಜಾರಿದ್ದಲ್ಲ, ಯೋಚಿಸಿ ಹೇಳಿದ್ದು.

ಆಮೇಲೆ ಪುಸ್ತಕ ಬರೆಯುವಾಗ ಹನ್ನೊಂದನೆಯ ‘ನನ್ನ ತಂದೆ’ ಪಾಠಕ್ಕೆ ಅದೇ ತಂದೆಯನ್ನು ಹಾಕಿದೆ. ನೀವು ಓದಿದ್ದೀರಿ.

ಈಗ ನಾನು ತಲೆ ಬೋಳಿಸಿಕೊಂಡು ಈ ಬೀದಿಯಲ್ಲಿ ನಡೆದರೆ, ನಿಮ್ಮಪ್ಪ ಎಷ್ಟು ಸಲ ಸಾಯುತ್ತಾರೆ ಎಂದು ಜನ ಕೇಳುವುದಿಲ್ಲವೆ? ಅದೇ ಯೋಚನೆ ಮೊದಲು ಬಂತು, ಅಯ್ಯನವರೆ. ಅಳು ಆಮೇಲೆ ಬಂತು. ಇದನ್ನು ಬರೆಯುತ್ತಿರುವ ಕೈಯನ್ನು ಮುರಿಯಬೇಕು.

ಅದೇ ಗಾಡಿಯವನ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಬೇಗ ತಿಳಿಸಿರಿ.

ಆಶಪ್ಪ


ಮಕ್ತಲ್
ಮಾರ್ಗಶಿರ ಬಹುಳ ಷಷ್ಠಿ

ಆಶಪ್ಪಾ,

ನಿಮ್ಮಪ್ಪ ಸತ್ತಿಲ್ಲ. ನಾನು ಇದನ್ನು ಬರೆಯುವಾಗ ಎದುರಿನ ಕಂಬಕ್ಕೆ ಒರಗಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಾನೆ. ಪತ್ರ ಯಾರದೆಂದು ಕೇಳಿದ. ಹೈದರಾಬಾದಿನ ಅಚ್ಚುಕೂಟದ್ದು ಎಂದೆ. ನನಗೂ ಸುಳ್ಳು ಹೇಳುವುದು ಕಲಿಸಿದೆ ನೀನು.

ನಡೆದದ್ದು ಹೇಳುತ್ತೇನೆ. ನಮ್ಮ ನಾಲ್ವರು ಹುಡುಗರು ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಬಾಯಿಪಾಠ ಮಾಡುತ್ತಾರೆ. ನೀನು ಹೇಳಿದಂತೆಯೇ ಗಟ್ಟಿಯಾಗಿ, ಉರ್ದು ಒಮ್ಮೆ, ಕನ್ನಡ ಒಮ್ಮೆ. ನಿಮ್ಮಪ್ಪ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬರುವವನು. ಕುಂಬಾರ ಎಂಕಪ್ಪನ ಮಗ ಕೂಗಿ ಹೇಳುತ್ತಿದ್ದ: ‘ನನ್ನ ತಂದೆಯವರು ಪಟವಾರಿಗಳಾಗಿದ್ದರು. ಅವರು ಬಿಳಿಯ ರುಮಾಲು ಸುತ್ತುತ್ತಿದ್ದರು. ಈಗ ಅವರು ಈ ಲೋಕದಲ್ಲಿಲ್ಲ.’

ನಿಮ್ಮಪ್ಪ ನಿಂತುಬಿಟ್ಟ. “ಏ ತಮ್ಮಾ, ಮುಂಜಾನಿ ನಿಮ್ಮಪ್ಪ ನನಗ ಗಡಿಗಿ ಮಾರ್ಯಾನಲ್ಲೋ! ಯಾವಾಗ ಸತ್ತ?”

ಆ ಹುಡುಗ ನಕ್ಕ. ಪಕ್ಕದವನು ಅದನ್ನೇ ಹೇಳಿದ. ಮೂರನೆಯವನೂ ನಾಲ್ಕನೆಯವನೂ ಅದನ್ನೇ ಹೇಳಿದರು. ನಿಮ್ಮಪ್ಪ ನನ್ನ ಹತ್ತಿರ ಓಡಿಬಂದ. “ಅಯ್ನೋರೆ, ಒಂದ ದಿನದಾಗ ನಾಕು ಮಂದಿ ಸತ್ತಾರ್ರಿ, ನಾಕೂ ಮಂದಿ ಪಟವಾರಿ ಆಗಿ ಸತ್ತಾರ!” ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನಾನೂ ನಕ್ಕೆ, ಏನು ಮಾಡಲಿ. ನಗುನಗುತ್ತ ಕೇಳಿದ: “ಇದನ್ನ ಯಾರ್ರಿ ಬರದಾವ್ರು?”

ನಾನು ಕನ್ನಡಕ ತೆಗೆದು ಒರೆಸತೊಡಗಿದೆ. ಅಷ್ಟು ಸಾಕಾಯಿತು ಅವನಿಗೆ. ನಗು ತುಟಿಯ ಮೇಲೆ ಹಾಗೇ ಉಳಿದಿತ್ತು, ಕಣ್ಣಿನಿಂದ ಹೋಗಿತ್ತು.

ಹೆಗಲ ಮೇಲಿನ ಕರಿ ಕಂಬಳಿ ತೆಗೆದು ಮಡಚುತ್ತ, “ಪುಸ್ತಕದಾಗ ಸತ್ತೀನಂದ್ರ ಸತ್ತಂಗ” ಎಂದ. “ಮಂದಿ ಎಲ್ಲಾ ಓದ್ತಾರ. ನಾ ಇನ್ನೂ ಅದನ್ನ ಹೊತ್ತು ತಿರುಗಿದ್ರ ಮಗನ ಮಾತು ಸುಳ್ಳಾಗತೈತಿ. ಕಂಬಳಿ ಅಂವಗ ಸೇರಬೇಕು, ಕಳಿಸ್ರಿ.” ಸಿಟ್ಟಿನಲ್ಲಿ ಹೇಳಿದ್ದರೆ ನಾನು ಬೈದು ಬಿಡಿಸುತ್ತಿದ್ದೆ. ಅವನು ಸಿಟ್ಟಿನಲ್ಲಿ ಹೇಳಲಿಲ್ಲ. ನಾನು ಕಳಿಸಿದೆ. ಕಾಗದ ಇಡಲಿಲ್ಲ, ಇಡಲು ನನಗೆ ಮಾತು ಸಿಗಲಿಲ್ಲ.

ಬಾ. ಒಂದು ದಿನ ಬಂದು ಅವನ ಎದುರಿಗೆ ಕೂತು ಹೋಗು. ಬೇರೇನೂ ಬೇಡ.

ಕರಿಬಸಯ್ಯ


ನಾರಾಯಣಪೇಟೆ
8 ತೀರ್, 1348 ಫಸಲಿ

ಪೂಜ್ಯ ಅಯ್ಯನವರಿಗೆ ಶರಣು.

ಐದು ತಿಂಗಳು ಉತ್ತರ ಬರೆಯಲಿಲ್ಲ. ಪರೀಕ್ಷೆಯ ಕೆಲಸವಿತ್ತು ಎಂದು ಬರೆದು ಹೊಡೆದು ಹಾಕಿದೆ. ಕೆಲಸವೇನೋ ಇತ್ತು. ಆದರೆ ನಾರಾಯಣಪೇಟೆಯಿಂದ ಮಕ್ತಲ್‌ಗೆ ಒಂದು ಹಗಲಿನ ದಾರಿ.

ಈಗ ಬರೆಯಲೇಬೇಕಾಗಿದೆ. ನನ್ನ ಲೆಕ್ಕ ತಪ್ಪಲಿಲ್ಲ. ಪರೀಕ್ಷೆಯಲ್ಲಿ ‘ನನ್ನ ತಂದೆ’ ಬಂತು. ಗದ್ವಾಲದ ಕೇಂದ್ರದಲ್ಲಿ ನನ್ನ ಪುಸ್ತಕ ಓದಿದ ಹತ್ತೊಂಬತ್ತು ಹುಡುಗರು ಬರೆದರು. ನೇಕಾರನ ಮಗ, ಕುಂಬಾರನ ಮಗ, ಈಚಲ ಹೆಂಡ ಇಳಿಸುವವನ ಮಗ, ಹತ್ತೊಂಬತ್ತು ಜನರೂ ಒಂದಕ್ಷರ ಬಿಡದೆ ಬಿಳಿ ರುಮಾಲಿನ ಪಟವಾರಿಯನ್ನೇ ಬರೆದರು, ಎಲ್ಲರೂ ಕೊನೆಯ ಸಾಲಿನಲ್ಲಿ ಅವನನ್ನು ಕೊಂದರು. ‘ಇದರಂತೆ ನಿಮ್ಮ ತಂದೆಯ ಬಗ್ಗೆ ಬರೆಯಿರಿ’ ಎಂದು ಒಂದು ಸಾಲು ನಾನು ಪುಸ್ತಕದಲ್ಲಿ ಹಾಕಿರಲಿಲ್ಲ. ಒಂದು ಮಾತು ತಪ್ಪದಂತೆ ಹೇಳಿರೆಂದು ಕಲಿಸಿದವನು ನಾನೇ.

ನಕಲು ಮಾಡಿದ್ದಾರೆಂದು ಎಲ್ಲರ ಫಲಿತಾಂಶ ತಡೆದಿದ್ದಾರೆ. ಮೂರು ವರ್ಷ ಪರೀಕ್ಷೆಗೆ ಕೂಡದಂತೆ ಮಾಡುವ ಮಾತು ನಡೆದಿತ್ತು. ನಾನು ಪುಸ್ತಕ ಹಿಡಿದುಕೊಂಡು ಗದ್ವಾಲಕ್ಕೆ ಹೋಗಿ, ವಿಚಾರಣೆಗೆ ಬಂದಿದ್ದ ವಿದ್ಯಾ ಇಲಾಖೆಯ ಸಾಹೇಬರ ಮುಂದೆ ನಿಂತೆ. ಇದು ನಕಲಲ್ಲ, ಬಾಯಿಪಾಠ ಎಂದೆ. ಅವರು ಒಳ್ಳೆಯವರು. ಬಹಳ ಹೊತ್ತು ಪುಸ್ತಕ ತಿರುವಿ, “ನಕಲಿಗಿಂತ ಇದು ಕೆಟ್ಟದ್ದು, ಮಾಸ್ಟರ್” ಎಂದರು. ಆಮೇಲೆ ಒಂದು ದಾರಿ ಮಾಡಿದರು. ಇನ್ನು ಹದಿನೈದು ದಿನಕ್ಕೆ, 23ನೆಯ ತೀರ್ ಸೋಮವಾರ, ಹತ್ತೊಂಬತ್ತು ಹುಡುಗರೂ ತಂದೆಯರನ್ನು ಕರೆದುಕೊಂಡು ಬರಬೇಕು. ತಂದೆಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಉರ್ದುವಿನಲ್ಲಿ ಐದು ಮಾತು ತಮ್ಮದೇ ಆಗಿ ಹೇಳಬೇಕು. ಹೇಳಿದವರು ಪಾಸು.

ಹೆಸರು ಕೂಗುವ ಕೆಲಸ ನನ್ನದು. ನಿಮ್ಮ ನಾಲ್ವರು ಹುಡುಗರನ್ನೂ ಅವರ ತಂದೆಯರನ್ನೂ ದಯವಿಟ್ಟು ಕಳಿಸಿರಿ. ಹೊಳೆಯಲ್ಲಿ ನೀರು ಕಡಿಮೆ ಇದೆ, ಗಾಡಿ ದಾಟುತ್ತದೆ.

ಅಪ್ಪ ಹೇಗಿದ್ದಾರೆ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಹೇಗಿದ್ದಾರೆ?

ಆಶಪ್ಪ


ಗದ್ವಾಲ
23 ತೀರ್, 1348 ಫಸಲಿ

ಅಯ್ಯನವರೆ,

ಹತ್ತೊಂಬತ್ತು ಹುಡುಗರೂ ಪಾಸಾದರು. ಇದು ಮೊದಲು ತಿಳಿಯಲಿ, ಅವರ ಮನೆಗಳಲ್ಲಿ ಬೆಲ್ಲ ಹಂಚಲಿ.

ಇಂದು ಬೆಳಗ್ಗೆ ಗದ್ವಾಲದ ಶಾಲೆಯ ಅಂಗಳದಲ್ಲಿ ತಂದೆಯರು ಸಾಲಾಗಿ ನಿಂತಿದ್ದರು. ನೇಕಾರ ನರಸಿಂಹುಲು ಹೊಸ ಧೋತರ ಉಟ್ಟು, ತಾನು ಬದುಕಿದ್ದೇನೆಂದು ತೋರಿಸಲು ಗಳಿಗೆಗೊಮ್ಮೆ ಕೆಮ್ಮುತ್ತಿದ್ದ. ಎಂಕಪ್ಪ, “ಮಾಸ್ತರ್ರೆ, ಹಲ್ಲೂ ನೋಡ್ತಾರೇನ್ರಿ, ಎತ್ತಿಗೆ ನೋಡಿದಂಗ?” ಎಂದು ಕೇಳಿದ. ಎಲ್ಲರೂ ನಕ್ಕರು. ಜಮ್ಮುಲಮ್ಮ ಎಂಬಾಕೆ ಮಾತ್ರ ತಂದೆಯರ ಸಾಲಿನಲ್ಲಿ ಸೆರಗು ಹೊದ್ದು ನಿಂತಿದ್ದಳು. “ನಮ್ಮನಿಯವ್ರು ಖರೇನ ಸತ್ತಾರ್ರಿ ಸರ್ಕಾರ” ಎಂದಳು. “ಆದ್ರ ಪಟವಾರಿ ಅಲ್ರಿ. ಮಗ್ಗ ನೇಯ್ತಿದ್ರು.” ಸಾಹೇಬರು ಎದ್ದು ನಿಂತು ಆಕೆಗೆ ಸಲಾಮು ಮಾಡಿದರು.

ಹುಡುಗರು ಹೇಳಿದರು. ಎಂಥ ಉರ್ದು ಅದು! ಗಂಡು ಹೆಣ್ಣು ತಿಳಿಯದು, ಹಿಂದೆ ಮುಂದೆ ತಿಳಿಯದು. ಎಂಕಪ್ಪನ ಮಗ, ‘ನನ್ನ ತಂದೆ ಗಡಿಗೆ ಮಾಡುತ್ತಾರೆ, ಒಡೆದರೆ ಅಳುವುದಿಲ್ಲ, ನಮ್ಮವ್ವ ಅಳುತ್ತಾಳೆ’ ಎಂದ. ನನ್ನ ನಲವತ್ತೆರಡು ಪಾಠಗಳಲ್ಲಿ ಅಂಥ ಒಂದು ಸಾಲಿಲ್ಲ.

ಹತ್ತೊಂಬತ್ತು ಹೆಸರು ಮುಗಿಯಿತು. ಪಟ್ಟಿ ಮಡಚಿದೆ. ಸಾಲಿನ ಕೊನೆಯಲ್ಲಿ ಇನ್ನೊಬ್ಬರು ನಿಂತಿದ್ದರು. ಒಗೆದ ಧೋತರ, ಕೆಂಪು ರುಮಾಲು. ಬರಿ ಹೆಗಲು. ಅಪ್ಪ.

ಹೇಗೆ ಬಂದರು, ಯಾಕೆ ಬಂದರು, ನನಗೆ ಗೊತ್ತಿಲ್ಲ. ನನ್ನನ್ನು ನೋಡಿ ಸ್ವಲ್ಪ ಮುಂದೆ ಬಂದರು, ಕರೆಸಿಕೊಂಡವರು ಬರುವಂತೆ.

ಸಾಹೇಬರು ಕೇಳಿದರು: “ಮಾಸ್ಟರ್, ಏ ಕಿಸ್ಕೆ ವಾಲಿದ್ ಹೈಂ?” ಇವರು ಯಾರ ತಂದೆ?

ಅಯ್ಯನವರೆ, ಹನ್ನೆರಡು ವರ್ಷಗಳ ಪ್ರಶ್ನೆಪತ್ರಿಕೆಯಲ್ಲಿ ಇದಕ್ಕಿಂತ ಸುಲಭದ ಪ್ರಶ್ನೆಯಿಲ್ಲ. ಅಲ್ಲಿ ನಾರಾಯಣಪೇಟೆಯ ಆ ಸಾಹುಕಾರರೂ ಮಗನೊಂದಿಗೆ ನಿಂತಿದ್ದರು. ನಾನು ಅವರ ಮುಖ ನೋಡಿದೆ. ಪಟ್ಟಿ ಬಿಚ್ಚಿ ಮತ್ತೆ ಹೆಸರು ಹುಡುಕುವವನಂತೆ ನೋಡಿದೆ.

ಅಪ್ಪನಿಗೆ ಉರ್ದು ಸಂತೆಯಲ್ಲಿ ಕೇಳಿದಷ್ಟು ಬರುತ್ತದೆ. ಪ್ರಶ್ನೆ ಅರ್ಥವಾಯಿತು. ನನ್ನ ಮುಖ ನೋಡಿದರು, ಅದೂ ಅರ್ಥವಾಯಿತು. ಕೈ ಮುಗಿದು ತಾವೇ ಹೇಳಿದರು:

“ಯಾರ್ದೂ ಅಲ್ರಿ ಸರ್ಕಾರ. ಕುರಿ ಕಾಯಾವ. ಹುಡುಗರ ಜೊತಿಗೆ ಗಾಡಿ ಹೊಡಕೊಂಡು ಬಂದೀನಿ.”

ಸಾಹೇಬರು ತಲೆಯಾಡಿಸಿದರು. ಅಪ್ಪ ಹೊರಗೆ ಹೋಗಿ ಎತ್ತಿನ ಹತ್ತಿರ ನಿಂತರು. ನಾನು ಹೋಗುವಷ್ಟರಲ್ಲಿ ಗಾಡಿ ಹೊರಟಿತ್ತು ಎಂದು ಬರೆಯಬಹುದು. ಹೊರಟಿರಲಿಲ್ಲ. ಬಹಳ ಹೊತ್ತು ನಿಂತಿತ್ತು. ನಾನೇ ಹೋಗಲಿಲ್ಲ.

ಇದನ್ನು ಅಪ್ಪನ ಎದುರಿಗೆ, ಕಟ್ಟೆಯ ಮೇಲೆ, ಎಲ್ಲರಿಗೂ ಕೇಳುವಂತೆ ಓದಿರಿ. ನನಗೆ ಅಷ್ಟಾದರೂ ಶಿಕ್ಷೆಯಾಗಲಿ.

ಆಶಪ್ಪ


ಮಕ್ತಲ್
ಪ್ರಮಾಥಿ ಸಂವತ್ಸರ, ಕಾರಹುಣ್ಣಿಮೆ

ಆಶಪ್ಪಾ,

ಮೊದಲು ನನ್ನ ತಪ್ಪು ಹೇಳುತ್ತೇನೆ. ನಿಮ್ಮಪ್ಪನನ್ನು ಕಳಿಸಿದವನು ನಾನು. ಬರೀ ಕಳಿಸಲಿಲ್ಲ. “ಆಶಪ್ಪ ಕರೆಸ್ಯಾನ, ಎಲ್ಲರ ಅಪ್ಪಂದಿರ ಜೊತೆ ನೀನೂ ಬರಬೇಕಂತೆ” ಎಂದು ಹೇಳಿ ಕಳಿಸಿದೆ. ನಿನ್ನ ಪತ್ರದಲ್ಲಿ ಇಲ್ಲದ ಸಾಲನ್ನು ನಾನೇ ಓದಿದೆ. ಎದುರಿಗೆ ಕಂಡರೆ ನಿನ್ನ ಬಾಯಿಂದ ತಾನಾಗಿ ಬರುತ್ತದೆ ಎಂದುಕೊಂಡೆ. ಅವನು ಅಂದು ಪೆಂಟಮ್ಮನಿಗೆ ಮೂರು ಸಲ ರುಮಾಲು ಒಗೆಯಲು ಹೇಳಿದನಂತೆ. ನಲವತ್ತು ವರ್ಷ ಹುಡುಗರಿಗೆ ಪಾಠ ಹೇಳಿದವನು ನಾನು, ಒಬ್ಬ ಕುರುಬನಿಗೆ ಇಂಥ ಮೋಸ ಮಾಡಿದೆ. ಅವನ ಮುಖ ನೋಡಲು ನನಗೂ ಆಗುತ್ತಿಲ್ಲ.

ಈಗ ಉಳಿದದ್ದು ಕೇಳು. ಗಾಡಿ ತಿರುಗಿ ಬಂದ ದಿನ ನಮ್ಮ ನಾಲ್ವರು ಹುಡುಗರು, ಅವರ ತಂದೆಯರು ಯಾರೂ ಏನೂ ಮಾತಾಡಲಿಲ್ಲ. ಕಟ್ಟೆಯ ಮೇಲೆ ಜನ ಕೂಡಿತ್ತು. ನಿಮ್ಮಪ್ಪನೇ ಎದ್ದು ನಿಂತ.

“ಅಲ್ಲಿ ಏನಾತು ಹೇಳ್ತೀನಿ ಕೇಳ್ರಿ” ಎಂದ. “ಸಾಹೇಬ್ರು ಕುರ್ಚಿ ಮ್ಯಾಲ ಕೂತಿದ್ರು. ಇಂವ ಯಾರ ಅಪ್ಪ ಅಂತ ಕೇಳಿದ್ರು. ನನ್ನ ಮಗ ಪುಸ್ತಕ ಕೆಳಗ ಇಟ್ಟ. ‘ನನ್ನಪ್ಪ ಅದಾನ್ರೀ, ಮಾಳಿಂಗಪ್ಪ ಅಂತ, ಮಕ್ತಲ್ ಕುರುಬ’ ಅಂದ. ಅಷ್ಟೂ ಮಂದಿ ಮುಂದ ಅಂದ. ಸಾಹೇಬ್ರು ನನಗ ಕುರ್ಚಿ ಹಾಕಿಸಿದ್ರು.”

“ಕೂತ್ಯೇನೋ ಮಾವಾ?” ಎಂದು ಯಾರೋ ಕೇಳಿದರು.

“ಕೂಡಲಿಲ್ಲಪಾ, ಧೋತರ ದಾರ್ಯಾಗ ಧೂಳಾಗಿತ್ತು” ಎಂದ.

ಎಂಕಪ್ಪ ನೆಲ ನೋಡುತ್ತಿದ್ದ. ಆದರೂ “ಹೌದ್ರಿ, ನಾನೂ ನೋಡೀನಿ” ಎಂದ. ಉಳಿದ ಮೂವರೂ ಹೌದೆಂದರು. ಹುಡುಗರೂ ತಲೆಯಾಡಿಸಿದರು. ಈಗ ಊರೆಲ್ಲ ಅದೇ ಮಾತು.

ನಿನ್ನ ಪತ್ರ ನಿನ್ನೆ ಬಂತು. ನೀನು ಹೇಳಿದಂತೆ ಕಟ್ಟೆಗೆ ತೆಗೆದುಕೊಂಡು ಹೋದೆ. ನಿಮ್ಮಪ್ಪ ದೂರದಿಂದಲೇ ನನ್ನ ಕೈ ನೋಡಿ ಎದ್ದು ಬಂದು ದಾರಿಯಲ್ಲೇ ತಡೆದ.

“ಅದನ್ನ ಓದಬ್ಯಾಡ್ರಿ ಅಯ್ನೋರೆ.”

“ನಿನ್ನ ಮಗ ಓದಂತ ಬರೆದಾನಪ್ಪ.”

“ಏನ್ ಬರದಾನ ನನಗ ಗೊತ್ತೈತ್ರಿ. ನಾನೂ ಅಲ್ಲೇ ಇದ್ದೆನಲ್ಲ.”

ನಾನು ಮಡಚಿ ಒಳಗಿಟ್ಟೆ. ಅವನು ಕಟ್ಟೆಗೆ ತಿರುಗಿ ಹೋಗಿ, “ಅಯ್ನೋರಿಗೆ ನನ್ನ ಮಗನ ಕಾಗದ ಬಂದೈತಿ, ಅಪ್ಪಗ ನಮಸ್ಕಾರ ಅಂತ ಬರದಾನಂತ” ಎಂದ.

ಈಗ ನೀನು ಹೇಳು. ಸತ್ಯ ಓದಿದರೆ ಅವನು ಊರ ಮುಂದೆ ಸುಳ್ಳುಗಾರನಾಗುತ್ತಾನೆ. ಓದದಿದ್ದರೆ ನೀನು ಮಾಡದ ಒಳ್ಳೆಯ ಕೆಲಸದ ಹೆಸರು ನಿನಗೆ ಉಳಿಯುತ್ತದೆ. ನನಗೆ ತಿಳಿಯುತ್ತಿಲ್ಲ.

ಕರಿಬಸಯ್ಯ


ಗದ್ವಾಲ
4 ಅಮರ್ದಾದ್, 1348 ಫಸಲಿ

ಅಯ್ಯನವರೆ,

ನಿಮ್ಮ ಪತ್ರ ಓದಿ ಎರಡು ದಿನ ಪಾಠ ಹೇಳಲಿಲ್ಲ. ಮೂರನೆಯ ದಿನ ಗದ್ವಾಲಕ್ಕೆ ಬಂದೆ. ಅಪ್ಪ ಹೇಳಿದ್ದು ಸುಳ್ಳಾಗಿ ಉಳಿಯಬಾರದು ಎಂಬುದಷ್ಟೇ ತಲೆಯಲ್ಲಿತ್ತು.

ಸಾಹೇಬರು ನಾಳೆ ಹೈದರಾಬಾದಿಗೆ ಹೊರಡುವವರಿದ್ದರು, ಸಾಮಾನು ಕಟ್ಟಿಸುತ್ತಿದ್ದರು. ಒಳಗೆ ಬಿಟ್ಟರು. ನಾನು ನಿಂತುಕೊಂಡೇ ಹೇಳಿದೆ. ಅಂದು ಸಾಲಿನ ಕೊನೆಯಲ್ಲಿ ನಿಂತವರು ನನ್ನ ತಂದೆ. ಹೆಸರು ಮಾಳಿಂಗಪ್ಪ. ಮಕ್ತಲ್‌ನ ಕುರುಬರು. ಪಟವಾರಿಯಲ್ಲ. ಬದುಕಿದ್ದಾರೆ. ನೀವು ಕೇಳಿದಾಗ ನಾನು ಸುಮ್ಮನಿದ್ದೆ.

ಅವರಿಗೆ ಅಪ್ಪನ ನೆನಪಿರಲಿಲ್ಲ. “ಯಾವ ಸಾಲು, ಯಾರು?” ಎಂದರು. ನಾನು ಕೆಂಪು ರುಮಾಲು ಎಂದೆ. “ಹಾಂ, ಇರಬಹುದು” ಎಂದರು. ಆಮೇಲೆ, “ಫಲಿತಾಂಶ ಹೋಗಿದೆ, ಕಡತ ಮುಗಿದಿದೆ, ಈಗ ಇದನ್ನು ನನಗೇಕೆ ಹೇಳುತ್ತೀರಿ ಮಾಸ್ಟರ್?” ಎಂದು ಕೇಳಿದರು. ಕೋಪವಿರಲಿಲ್ಲ, ಕುತೂಹಲವೂ ಇರಲಿಲ್ಲ.

“ನಾನು ಹೇಳಿದೆನೆಂದು ನನ್ನ ತಂದೆ ಊರಲ್ಲಿ ಹೇಳಿಬಿಟ್ಟಿದ್ದಾರೆ” ಎಂದೆ.

ಅವರು ಲೇಖನಿ ಕೆಳಗಿಟ್ಟು ಒಂದು ಗಳಿಗೆ ನನ್ನನ್ನು ನೋಡಿದರು. ಮತ್ತೆ ಕಾಗದಕ್ಕೆ ಬಗ್ಗಿದರು. ಜವಾನ ಬಾಗಿಲು ತೆರೆದು ಹಿಡಿದ, ನಾನು ಹೊರಗೆ ಬಂದೆ.

ಆ ಅಂಗಳ ಖಾಲಿ ಇತ್ತು. ಸಾಹುಕಾರರಿಲ್ಲ, ನರಸಿಂಹುಲು ಇಲ್ಲ, ಜಮ್ಮುಲಮ್ಮ ಇಲ್ಲ. ಅಪ್ಪ ನಿಂತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತೆ. ಮಾತು ನಿಜವಾಯಿತು ಎಂದು ನನಗೆ ನಾನೇ ಹೇಳಿಕೊಳ್ಳಲು ನೋಡಿದೆ. ಆಗಲಿಲ್ಲ.

ನಾರಾಯಣಪೇಟೆಯ ಸಾಹುಕಾರರ ಮನೆಗೂ ಹೋಗುವುದಿದೆ. ಆ ಮುಖದ ಮುಂದೆಯೂ ಹೇಳಿ, ಅಲ್ಲಿಂದ ನೇರವಾಗಿ ಊರಿಗೆ ನಡೆದು ಬರುತ್ತೇನೆ. ಅಪ್ಪ ಕಟ್ಟೆಯ ಮೇಲೆ ಕಟ್ಟಿದ ಕಥೆಯನ್ನು ನಾನು ಒಡೆಯುವುದಿಲ್ಲ, ಅದು ಅವರದು. ಆದರೆ ಅವರ ಎದುರಿಗೆ ಕೂತಾಗ ಇಷ್ಟು ಹೇಳಬೇಕು, ಬೇರೆಯವರಿಂದ ಅವರು ಕೇಳುವ ಮೊದಲು: ಅಷ್ಟು ಜನರ ಮುಂದೆ ನುಂಗಿದ ಮಾತನ್ನು ಕಡೆಗೆ ಹೇಳಿದೆ ಅಪ್ಪಾ, ಗಂಟು ಕಟ್ಟುತ್ತಿದ್ದ ಒಬ್ಬ ಸಾಹೇಬರ ಮುಂದೆ, ಬಾಗಿಲು ಕಾಯುವ ಒಬ್ಬ ಜವಾನನ ಮುಂದೆ.

ಮಾಳಿಂಗಪ್ಪನ ಮಗ
ಆಶಪ್ಪ